ಮುಗಿಲಿಗೂ ದೊಣ್ಣೆನಾಯಕನ ಅಪ್ಪಣೆ

1958ರಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿಮಾನ ಕಂಪನಿಗಳು ಹುಬ್ಬು ಗಂಟಿಕ್ಕಿಕೊಂಡು ಒಂದು ಪ್ರಶ್ನೆಯನ್ನು ಬಿಡಿಸುತ್ತ ಕೂತಿದ್ದವು: ಸ್ಯಾಂಡ್‌ವಿಚ್ ಎಂದರೇನು?

ನಗಬೇಡಿ, ಇದು ಅಂತರರಾಷ್ಟ್ರೀಯ ವ್ಯವಹಾರ. ಆಗೆಲ್ಲ ಅಟ್ಲಾಂಟಿಕ್ ದಾಟುವ ಟಿಕೆಟ್ಟಿನ ದರವನ್ನು ಕಂಪನಿಗಳು ಐಯಾಟಾ ಎಂಬ ತಮ್ಮ ಸಂಘದಲ್ಲಿ ಒಟ್ಟಿಗೆ ಕೂತು ಗೊತ್ತುಮಾಡುತ್ತಿದ್ದವು. ಸರ್ಕಾರಗಳು ಅದಕ್ಕೆ ಮೊಹರು ಒತ್ತುತ್ತಿದ್ದವು. ಬೇರೆ ಯಾವ ವ್ಯಾಪಾರದವರಾದರೂ ಹೀಗೆ ಕೂತು ಬೆಲೆ ಕಟ್ಟಿದ್ದರೆ ಪೊಲೀಸರು ಬಾಗಿಲು ತಟ್ಟುತ್ತಿದ್ದರು. ಇವರಿಗೆ ಮಾತ್ರ 1946ರಲ್ಲಿ ಅಮೆರಿಕ ಮತ್ತು ಬ್ರಿಟನ್ ಬರ್ಮುಡಾ ದ್ವೀಪದಲ್ಲಿ ಮಾಡಿಕೊಂಡ ಒಪ್ಪಂದದ ಶ್ರೀರಕ್ಷೆ ಇತ್ತು. ದರ ಎಲ್ಲರದೂ ಒಂದೇ. ಹೊಸದಾಗಿ ಎಕಾನಮಿ ದರ್ಜೆ ಬಂದಾಗ, ಕಡಿಮೆ ಕಾಸು ಕೊಟ್ಟವನು ಹೊಟ್ಟೆ ತುಂಬಿಸಿಕೊಂಡು ಇಳಿಯುವುದು ಅಧರ್ಮವೆಂದು ತೋರಿತೇನೋ, ಅವನಿಗೆ ತಿನ್ನಲು ಸ್ಯಾಂಡ್‌ವಿಚ್ ಬಿಟ್ಟು ಬೇರೇನೂ ಕೊಡಕೂಡದೆಂದು ಕಟ್ಟಪ್ಪಣೆಯಾಯಿತು.

ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಅಪ್ಪಣೆಯನ್ನು ಶಿರಸಾವಹಿಸಿ ಪಾಲಿಸಿತು. ಕೆಳಗೆ ಒಂದು ತುಂಡು ಬ್ರೆಡ್ಡು, ಅದರ ಮೇಲೆ ಬ್ರೆಡ್ಡು ಕಾಣದ ಹಾಗೆ ಮಾಂಸ, ಮೀನು, ತರಕಾರಿ. ಅವರ ಸೀಮೆಯಲ್ಲಿ ಸ್ಯಾಂಡ್‌ವಿಚ್ ಎಂದರೆ ಅದೇ. ಅಮೆರಿಕದ ಪ್ಯಾನ್ ಆ್ಯಮ್ ಹೊಟ್ಟೆ ಉರಿದುಕೊಂಡು ದೂರು ಕೊಟ್ಟಿತು. ದೂರಿನ ತಿರುಳು ಇಷ್ಟೇ: ಪ್ರಯಾಣಿಕರು ಚೆನ್ನಾಗಿ ಊಟ ಮಾಡುತ್ತಿದ್ದಾರೆ. ಪಂಚಾಯ್ತಿ ಸೇರಿತು. ಸ್ಯಾಂಡ್‌ವಿಚ್ ಎಂದರೆ ತಣ್ಣಗಿರಬೇಕು, ಸಾದಾ ಇರಬೇಕು, ಅಲಂಕಾರ ಇರಬಾರದು, ಬ್ರೆಡ್ಡು ಕಣ್ಣಿಗೆ ಕಾಣುವಂತಿರಬೇಕು ಎಂಬ ಧಾಟಿಯಲ್ಲಿ ತೀರ್ಪು ಬಂತು. ಎಸ್‌ಎಎಸ್ ದಂಡ ಕಟ್ಟಿತು. ಅಟ್ಲಾಂಟಿಕ್ ಮೇಲಿನ ಆಕಾಶ ಮತ್ತೆ ಸುರಕ್ಷಿತವಾಯಿತು.

ಇಂಥ ಪಂಚಾಯ್ತಿ ಕಟ್ಟೆಗೆ ಅಡಿಗಲ್ಲು ಬಿದ್ದದ್ದು ಶಿಕಾಗೊದಲ್ಲಿ. 1944ರ ಡಿಸೆಂಬರ್‌ನಲ್ಲಿ, ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 50ಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಸೇರಿ ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಅದರ 1ನೇ ಕಲಮಿನ ಪ್ರಕಾರ ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಸಂಪೂರ್ಣ ಒಡೆಯ. 6ನೇ ಕಲಮಿನ ಪ್ರಕಾರ ವೇಳಾಪಟ್ಟಿ ಹಾಕಿಕೊಂಡು ಓಡಾಡುವ ವಿಮಾನ ಆ ಒಡೆಯನ ವಿಶೇಷ ಅನುಮತಿಯಿಲ್ಲದೆ ಒಳಗೆ ಬರುವಂತಿಲ್ಲ, ಮೇಲಿಂದ ಹಾದುಹೋಗುವಂತೆಯೂ ಇಲ್ಲ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂದು ಕೇಳುತ್ತಿದ್ದ ನಮ್ಮ ಹಿರಿಯರು ಈ ಕಲಮನ್ನು ಓದಿರಲಿಲ್ಲ, ಪಾಪ.

ಈ ಅಪ್ಪಣೆಗಳಿಗೆ ಇಟ್ಟ ಹೆಸರು ಮಾತ್ರ ಸೊಗಸಾಗಿದೆ: ಆಕಾಶದ ಸ್ವಾತಂತ್ರ್ಯಗಳು. ಒಟ್ಟು ಒಂಬತ್ತು. ಒಂದೊಂದಕ್ಕೂ ಅರ್ಜಿ ಹಾಕಬೇಕು. ಇಳಿಯದೆ ಹಾದುಹೋಗುವುದು ಮೊದಲನೆಯ ಸ್ವಾತಂತ್ರ್ಯ. ಇಂಧನಕ್ಕೆಂದು ಇಳಿದು, ಯಾರನ್ನೂ ಹತ್ತಿಸಿಕೊಳ್ಳದೆ ಮೇಲೇರುವುದು ಎರಡನೆಯದು. ನಿಮ್ಮನ್ನು ಪರದೇಶಕ್ಕೆ ಕರೆದೊಯ್ಯುವುದು ಮೂರನೆಯದು, ವಾಪಸ್ ಕರೆತರುವುದು ನಾಲ್ಕನೆಯದು. ಹೋಗುವುದೂ ಬರುವುದೂ ಎರಡು ಬೇರೆ ಬೇರೆ ಸ್ವಾತಂತ್ರ್ಯ ಎಂದು ಕಂಡುಹಿಡಿದವನಿಗೆ ಯಾರಾದರೂ ಶಾಲು ಹೊದಿಸಿದರೋ ಇಲ್ಲವೋ.

ಅಗ್ಗದ ಟಿಕೆಟ್ಟಿನ ವಿಷಯಕ್ಕೆ ಮರಳುವುದಾದರೆ, ಸ್ಯಾಂಡ್‌ವಿಚ್ಚಿನ ಮೇಲೆ ವಿಜಯ ಸಾಧಿಸಿದ ವ್ಯವಸ್ಥೆ ಮುಂದೆ ಸ್ನೇಹದ ಮೇಲೆ ಕಣ್ಣಿಟ್ಟಿತು. ಇಡೀ ವಿಮಾನವನ್ನು ಬಾಡಿಗೆಗೆ ಹಿಡಿದರೆ ದರ ಕಡಿಮೆಯಾಗುತ್ತಿತ್ತು. ಆದರೆ ಅದರಲ್ಲಿ ಹೋಗುವವರೆಲ್ಲ ಒಂದೇ ಸಂಘದ ಸದಸ್ಯರಾಗಿರಬೇಕು, ಸೇರಿ ಕನಿಷ್ಠ ಆರು ತಿಂಗಳಾಗಿರಬೇಕು, ಸಂಘದ ಮುಖ್ಯ ಉದ್ದೇಶ ಪ್ರಯಾಣವಾಗಿರಕೂಡದು. ತಗೊಳ್ಳಿ, 1960ರ ದಶಕದಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಸಂಘಜೀವನ ಹುಲುಸಾಗಿ ಬೆಳೆಯಿತು. ಒಬ್ಬರ ಮುಖ ಒಬ್ಬರು ನೋಡಿರದ ನೂರಾರು ಜನ ವಿಮಾನ ನಿಲ್ದಾಣದಲ್ಲಿ ಆಪ್ತ ಗೆಳೆಯರಾಗಿ ನಿಲ್ಲುತ್ತಿದ್ದರು. ಅಧಿಕಾರಿಗಳು ಬಂದು ನಿಮ್ಮ ಸಂಘ ಯಾವುದು, ಎಂದು ಸೇರಿದಿರಿ ಎಂದು ವಿಚಾರಿಸುತ್ತಿದ್ದರು. ಉತ್ತರ ತಪ್ಪಿದವನಿಗೆ ವಿಮಾನ ತಪ್ಪುತ್ತಿತ್ತು.

ಈ ನಾಟಕ ಸಾಕಾಗಿ ಫ್ರೆಡ್ಡಿ ಲೇಕರ್ ಎಂಬ ಬ್ರಿಟಿಷ್ ಉದ್ಯಮಿ 1971ರಲ್ಲಿ ಒಂದು ಅರ್ಜಿ ಹಾಕಿದ. ಸಂಘ ಬೇಡ, ಮುಂಗಡ ಬುಕಿಂಗ್ ಬೇಡ. ಬಂದವರು ಕಾಸು ಕೊಟ್ಟು ಹತ್ತಲಿ, ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಲಿ. 1972ರಲ್ಲಿ ಬ್ರಿಟನ್ ಪರವಾನಗಿ ಕೊಟ್ಟಿತು. ಅಮೆರಿಕ ಯೋಚಿಸುತ್ತ ಕೂತಿತು. ಅದು ಯೋಚಿಸುತ್ತಿದ್ದಾಗಲೇ ಬ್ರಿಟನ್ನಿನಲ್ಲಿ ಸರ್ಕಾರ ಬದಲಾಗಿ, 1975ರಲ್ಲಿ ಹೊಸ ಸರ್ಕಾರಕ್ಕೆ ಮನಸ್ಸೂ ಬದಲಾಯಿತು. ಲೇಕರ್ ತನ್ನ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋಗಿ ಗೆದ್ದ. ಮೊದಲ ವಿಮಾನ ಮೇಲೇರಿದ್ದು 1977ರ ಸೆಪ್ಟೆಂಬರ್ 26ರಂದು. ಏಳೆಂಟು ಗಂಟೆಯ ಹಾರಾಟಕ್ಕೆ ಆರು ವರ್ಷದ ರನ್‌ವೇ.

ಆದರೆ ಕಾಗದದ ನಿಜವಾದ ಮಹಿಮೆ ತಿಳಿಯಬೇಕಾದರೆ ಕಾಂಕಾರ್ಡ್‌ನ ಕಥೆ ಕೇಳಬೇಕು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಈ ವಿಮಾನ ಲಂಡನ್ ಮತ್ತು ಪ್ಯಾರಿಸ್‌ನಿಂದ ವಾಷಿಂಗ್ಟನ್ನಿಗೆ ಬರುತ್ತಿತ್ತು. 1979ರಲ್ಲಿ ಅಮೆರಿಕದ ಬ್ರಾನಿಫ್ ಕಂಪನಿ ಅದನ್ನು ಅಲ್ಲಿಂದ ಡಲಾಸ್‌ಗೂ ಮುಂದುವರಿಸುವ ಯೋಜನೆ ಹಾಕಿತು. ತೊಡಕು ಒಂದೇ. ಒಂದು ದೇಶದೊಳಗಿನ ಎರಡು ಊರುಗಳ ನಡುವೆ ಪರದೇಶದ ವಿಮಾನ ಜನರನ್ನು ಸಾಗಿಸುವಂತಿಲ್ಲ. ವಿಮಾನಕ್ಕೂ ರಾಷ್ಟ್ರೀಯತೆ ಇದೆ, ಅದು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ್ದು, ಏಕಕಾಲಕ್ಕೆ ಎರಡು ಕಡೆ ನೋಂದಣಿ ಇರುವಂತಿಲ್ಲ. ಇದೂ ಶಿಕಾಗೊದಲ್ಲೇ ಬರೆದಿಟ್ಟದ್ದು.

ಪರಿಹಾರವೇನು? ಅಂಟುಪಟ್ಟಿ! ಬ್ರಿಟನ್ನಿನ ಕಾಂಕಾರ್ಡ್‌ಗಳಿಗೆ ‘ಜಿ’ ಅಕ್ಷರದ ಬೆನ್ನಿಗೇ ಅಮೆರಿಕದ ‘ಎನ್’ ಬರುವಂಥ ನೋಂದಣಿ ಸಂಖ್ಯೆ ಬರೆಸಲಾಯಿತು. ಲಂಡನ್ನಿನಿಂದ ಬಂದ ವಿಮಾನ ವಾಷಿಂಗ್ಟನ್ನಿನಲ್ಲಿ ನಿಂತ ಕೂಡಲೇ ಒಬ್ಬ ಸಿಬ್ಬಂದಿ ಹೋಗಿ ಆ ‘ಜಿ’ಯ ಮೇಲೆ ಬಿಳಿ ಪಟ್ಟಿ ಅಂಟಿಸುತ್ತಿದ್ದ. ಅಲ್ಲಿಗೆ ಬ್ರಿಟನ್ನಿನ ವಿಮಾನ ಅಮೆರಿಕದ್ದಾಯಿತು. ಬ್ರಾನಿಫ್‌ನ ಪೈಲಟ್‌ಗಳು ಹತ್ತಿದರು, ಕಾಗದಪತ್ರ ಬದಲಾಯಿತು, ಡಲಾಸ್‌ಗೆ ಹೋಗಿ ಬಂದದ್ದಾಯಿತು. ಮತ್ತೆ ಪಟ್ಟಿ ಕಿತ್ತರೆ ಬ್ರಿಟನ್ನಿನ ಪೌರತ್ವ ಮರಳಿ ಸಿದ್ಧ. ಪೌರತ್ವಕ್ಕಾಗಿ ದೂತಾವಾಸಗಳ ಮುಂದೆ ವರ್ಷಗಟ್ಟಲೆ ಸಾಲು ನಿಲ್ಲುವ ಮನುಷ್ಯರಿಗೆ ಈ ಸೌಲಭ್ಯ ಇನ್ನೂ ಬಂದಿಲ್ಲ. ಇಷ್ಟೆಲ್ಲ ಮಾಡಿಯೂ, ನೆಲದ ಮೇಲೆ ಶಬ್ದದ ವೇಗ ಮೀರಬಾರದೆಂಬ ಇನ್ನೊಂದು ನಿಯಮ ಅಮೆರಿಕದಲ್ಲಿ ಇದ್ದುದರಿಂದ, ಜಗತ್ತಿನ ಅತಿ ವೇಗದ ಪ್ರಯಾಣಿಕ ವಿಮಾನ ಡಲಾಸ್‌ವರೆಗೆ ಸಭ್ಯವಾಗಿ, ಹೆಚ್ಚುಕಡಿಮೆ ಉಳಿದ ವಿಮಾನಗಳ ವೇಗದಲ್ಲೇ, ಮುಕ್ಕಾಲುಪಾಲು ಖಾಲಿ ಸೀಟುಗಳನ್ನು ಹೊತ್ತು ಹೋಗುತ್ತಿತ್ತು. 1980ರಲ್ಲಿ ನಿಂತುಹೋಯಿತು.

ವೇಷ ಹಾಕುವ ಕಲೆಯಲ್ಲಿ ಜಪಾನ್ ಇನ್ನೂ ಒಂದು ಕೈ ಮೇಲು. ತೈವಾನ್ ತನ್ನದೇ ಭಾಗವೆನ್ನುವ ಚೀನಾದ ಜತೆ ವಿಮಾನ ಒಪ್ಪಂದ ಮಾಡಿಕೊಂಡ ಮೇಲೆ ಜಪಾನ್ ಏರ್‌ಲೈನ್ಸ್ ತೈವಾನಿಗೆ ಹೋಗುವುದು ಕಷ್ಟವಾಯಿತು. ಹಾಗಾಗಿ 1975ರಲ್ಲಿ ಜಪಾನ್ ಏಷ್ಯಾ ಏರ್‌ವೇಸ್ ಎಂಬ ಇನ್ನೊಂದು ಕಂಪನಿ ಹುಟ್ಟಿಕೊಂಡಿತು. ಹಡೆದವಳು ಅದೇ ತಾಯಿ. ಹೆಸರು ಮಾತ್ರ ಬೇರೆ. ಡಚ್ಚರ ಕೆಎಲ್‌ಎಂ ತನ್ನ ಕೆಲವು ವಿಮಾನಗಳಿಗೆ ‘ಕೆಎಲ್‌ಎಂ ಏಷ್ಯಾ’ ಎಂದು ಬರೆಸಿ, ಲಾಂಛನದ ಮೇಲಿದ್ದ ರಾಜಕಿರೀಟವನ್ನು ಬಾಲದಿಂದ ಅಳಿಸಿತು. ಬ್ರಿಟಿಷ್ ಏರ್‌ವೇಸೂ ಕೆಲವು ವರ್ಷ ‘ಬ್ರಿಟಿಷ್ ಏಷ್ಯಾ’ ಆಗಿ ಓಡಾಡಿತು. ಬೀಜಿಂಗಿಗೆ ಗೊತ್ತಿತ್ತು, ತೈಪೆಗೆ ಗೊತ್ತಿತ್ತು, ಬಣ್ಣ ಬಳಿದವನಿಗೂ ಗೊತ್ತಿತ್ತು. ಕಡತಕ್ಕೆ ಗೊತ್ತಾಗದಿದ್ದರೆ ಸಾಕಿತ್ತು.

1978ರಲ್ಲಿ ಟೋಕಿಯೊದ ಹೊರಗೆ ನರಿತಾ ನಿಲ್ದಾಣ ತೆರೆದಾಗ ಪರದೇಶದ ಕಂಪನಿಗಳೆಲ್ಲ ಅಲ್ಲಿಗೆ ಗಂಟುಮೂಟೆ ಕಟ್ಟಿದವು. ಚೀನಾದ ವಿಮಾನವೂ ತೈವಾನಿನ ವಿಮಾನವೂ ಒಂದೇ ಅಂಗಳದಲ್ಲಿ ನಿಂತರೆ ಮುಜುಗರವಲ್ಲವೇ? ಅದಕ್ಕೆ ತೈವಾನಿನ ಚೈನಾ ಏರ್‌ಲೈನ್ಸನ್ನು ಮಾತ್ರ ಹಳೆಯ ಹನೆದಾದಲ್ಲೇ ಬಿಟ್ಟರು. ಹನೆದಾ ಊರಿಗೆ ಅಂಟಿಕೊಂಡಿದೆ. ನರಿತಾ ಅರವತ್ತು ಕಿಲೋಮೀಟರಿನಷ್ಟು ದೂರ. ಹೀಗೆ ಬಹಿಷ್ಕಾರದ ಫಲವಾಗಿ ತೈಪೆಯ ಪ್ರಯಾಣಿಕರು 2002ರವರೆಗೂ ಊರ ಬಾಗಿಲಲ್ಲೇ ಇಳಿದು ನೆಮ್ಮದಿಯಾಗಿ ಮನೆ ಸೇರುತ್ತಿದ್ದರು. ಮಾನ್ಯತೆ ಪಡೆದ ದೇಶದವರು ರೈಲು ಹಿಡಿಯುತ್ತಿದ್ದರು.

ಚೀನಾ ಮತ್ತು ತೈವಾನಿನ ನಡುವಿನ ಹಾರಾಟವಂತೂ ಕೊಂಕಣ ಸುತ್ತಿ ಮೈಲಾರ ಎಂಬುದಕ್ಕೆ ವಿಮಾನ ರೂಪ. 1949ರಿಂದ ದಶಕಗಟ್ಟಲೆ ನೇರ ಹಾರಾಟವಿರಲಿಲ್ಲ. ಹಾಂಕಾಂಗ್‌ನಲ್ಲೋ ಮಕಾವುನಲ್ಲೋ ಇಳಿದು ಹತ್ತಬೇಕಿತ್ತು. 2008ರ ಜುಲೈಯಲ್ಲಿ ವಾರಾಂತ್ಯದ ವಿಶೇಷ ವಿಮಾನಗಳು ಶುರುವಾದವು. ಇಳಿಯುವ ಗೋಜಿಲ್ಲ, ಆದರೆ ಹಾಂಕಾಂಗ್‌ನ ಆಕಾಶವನ್ನು ಮುಟ್ಟಿಯೇ ಹೋಗಬೇಕು. ತೈಪೆಯಿಂದ ಉತ್ತರದ ಶಾಂಘೈಗೆ ಹೊರಟ ವಿಮಾನ ಮೊದಲು ದಕ್ಷಿಣಕ್ಕೆ ಮುಖ ಮಾಡಿ, ಹಾಂಕಾಂಗ್‌ನ ಗಾಳಿಗೆ ಹಾಜರಿ ಹಾಕಿ, ಆಮೇಲೆ ತಿರುಗುತ್ತಿತ್ತು. ಡಿಸೆಂಬರ್‌ನಲ್ಲಿ ಈ ಪ್ರದಕ್ಷಿಣೆ ನಿಂತಿತು.

ಇದೆಲ್ಲ ಹಳೆಯ ಕಾಲದ ಮಾತು ಎಂದುಕೊಂಡಿರಾ? ಹಾಗಾದರೆ ಆಸ್ಟ್ರೇಲಿಯಾಕ್ಕೆ ಬನ್ನಿ. ಅಲ್ಲಿನ ನಾಲ್ಕು ದೊಡ್ಡ ನಗರಗಳಿಗೆ ಕತಾರ್ ಏರ್‌ವೇಸ್ ವಾರಕ್ಕೆ 28 ಬಾರಿ ಬರಬಹುದೆಂದು ಒಪ್ಪಂದವಿತ್ತು. ಅಡಿಲೇಡ್‌ನಂಥ ಸಣ್ಣ ನಿಲ್ದಾಣಗಳಿಗೆ ಈ ಮಿತಿ ಇಲ್ಲ. ಕಂಪನಿಯ ವಕೀಲರು ಈ ಸಾಲನ್ನು ಭಕ್ತಿಯಿಂದ ಪಾರಾಯಣ ಮಾಡಿದ್ದಿರಬೇಕು. ದೋಹಾದಿಂದ ಮೆಲ್ಬರ್ನ್‌ಗೆ ಇನ್ನೊಂದು ವಿಮಾನ ಶುರುವಾಯಿತು, ಅದರ ಕೊನೆಯ ನಿಲ್ದಾಣ ಅಡಿಲೇಡ್ ಎಂದು ಬರೆಯಲಾಯಿತು. ಮೆಲ್ಬರ್ನ್‌ನಲ್ಲಿ ಜನರೆಲ್ಲ ಇಳಿಯುತ್ತಿದ್ದರು. ದೇಶದೊಳಗಿನ ಟಿಕೆಟ್ ಮಾರುವ ಹಕ್ಕು ಕತಾರ್‌ಗೆ ಇರಲಿಲ್ಲ. ಅಡಿಲೇಡ್‌ಗೆ ಹೋಗಬೇಕಾದವರಿಗೆ ದೋಹಾದಿಂದ ನೇರ ವಿಮಾನವೇ ಇತ್ತು. ಹೀಗಾಗಿ 300ಕ್ಕೂ ಹೆಚ್ಚು ಸೀಟಿನ ಬೋಯಿಂಗ್ ಬಹುತೇಕ ಯಾರೂ ಇಲ್ಲದೆ ಅಡಿಲೇಡ್‌ಗೆ ಹೋಗಿ, ಅಲ್ಲಿಂದ ಹಾಗೇ ಮೆಲ್ಬರ್ನ್‌ಗೆ ಮರಳುತ್ತಿತ್ತು. ಒಪ್ಪಂದದ ಒಂದು ಸಾಲನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗಿಬರುತ್ತಿತ್ತು ಎಂದರೂ ಆದೀತು.

ಕತಾರ್ ನೇರವಾಗಿಯೇ ವಾರಕ್ಕೆ ಇನ್ನೂ 21 ಹಾರಾಟ ಕೇಳಿತು. 2023ರಲ್ಲಿ ಸಾರಿಗೆ ಸಚಿವೆ ಕ್ಯಾಥರೀನ್ ಕಿಂಗ್ ಆಗುವುದಿಲ್ಲ ಎಂದರು. ಕಾರಣಗಳಿಗೆ ಬರವಿರಲಿಲ್ಲ. ಒಮ್ಮೆ ರಾಷ್ಟ್ರಹಿತ, ಇನ್ನೊಮ್ಮೆ ಇಂಗಾಲದ ಹೊಗೆ. ಖಾಲಿ ಬೋಯಿಂಗಿನ ಹೊಗೆ ನಿಯಮಬದ್ಧವಾಗಿದ್ದುದರಿಂದ ಲೆಕ್ಕಕ್ಕೆ ಬರಲಿಲ್ಲವೆಂದು ಕಾಣುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬೆರಗಾಗುತ್ತಿರಲಿಲ್ಲ. ಕತಾರ್ ಏರ್‌ವೇಸ್ ಆಮೇಲೆ ವರ್ಜಿನ್ ಆಸ್ಟ್ರೇಲಿಯಾ ಎಂಬ ಅಲ್ಲಿನ ವಿಮಾನ ಕಂಪನಿಯಲ್ಲಿ ನಾಲ್ಕನೇ ಒಂದು ಪಾಲು ಕೊಂಡಿತು. 2025ರ ಜೂನ್‌ನಿಂದ ಆಸ್ಟ್ರೇಲಿಯಾ ಮತ್ತು ದೋಹಾ ನಡುವೆ ವರ್ಜಿನ್ ಆಸ್ಟ್ರೇಲಿಯಾದ ಹೊಸ ಹಾರಾಟಗಳು ಶುರುವಾದವು. ವಿಮಾನ ಯಾರದು? ಕತಾರ್‌ನದು. ಪೈಲಟ್‌? ಕತಾರ್‌ನವರು. ಗಗನಸಖಿಯರು? ಅವರೂ ಕತಾರ್‌ನವರೇ. ಟಿಕೆಟ್ಟಿನ ಮೇಲೆ ವರ್ಜಿನ್ ಆಸ್ಟ್ರೇಲಿಯಾದ ಸಂಕೇತ ಇದೆ, ಅಷ್ಟೇ. ಬೇಡವೆಂದಿದ್ದ 21ರ ಜಾಗದಲ್ಲಿ ವಾರಕ್ಕೆ 28ಕ್ಕೆ ಅನುಮತಿ ಸಿಕ್ಕಿತು. ರಾಷ್ಟ್ರಹಿತ ಎಲ್ಲಿ ಅಡಗಿತ್ತೆಂದು ಈಗ ಗೊತ್ತಾಯಿತಲ್ಲ. ಟಿಕೆಟ್ಟಿನ ಎರಡಕ್ಷರದಲ್ಲಿ.

ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿದೆಯೆಂದು ಯಾರೂ ಭಾವಿಸಬಾರದು. 2004ರಲ್ಲಿ ನಾವು 5/20 ಎಂಬ ನಿಯಮ ತಂದೆವು. ನಮ್ಮ ಕಂಪನಿ ಪರದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಾಡಿರಬೇಕು, 20 ವಿಮಾನ ಇಟ್ಟುಕೊಂಡಿರಬೇಕು. ಪರದೇಶದ ಕಂಪನಿ ನಮ್ಮಲ್ಲಿಗೆ ಬರುವುದಕ್ಕೆ ಈ ನಿಯಮವಿಲ್ಲ. ಅದು ನಿನ್ನೆ ಹುಟ್ಟಿ ಇಂದು ಬಂದಿಳಿದರೂ ಅಡ್ಡಿಯಿಲ್ಲ. ಮನೆಯ ಮಕ್ಕಳು ಮಾತ್ರ ಐದು ವರ್ಷ ಹೊಸಿಲ ಮೇಲೆ ಕೂತು ಅನುಭವ ಪಡೆಯಬೇಕು.

ಕಿಂಗ್‌ಫಿಷರ್ ಹಾರಲು ಶುರುಮಾಡಿದ್ದು 2005ರಲ್ಲಿ, ಏರ್ ಡೆಕ್ಕನ್ 2003ರಲ್ಲಿ. ಐದು ವರ್ಷ ಕಾಯುವ ತಾಳ್ಮೆ ಕಿಂಗ್‌ಫಿಷರ್‌ಗೆ ಇರಲಿಲ್ಲ. ಡೆಕ್ಕನ್ನನ್ನೇ ಕೊಂಡು ವಿಲೀನ ಮಾಡಿಕೊಂಡು, ಅದರ ವಯಸ್ಸನ್ನು ತನ್ನ ಜಾತಕಕ್ಕೆ ಸೇರಿಸಿಕೊಂಡು, 2008ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹಾರಿತು. ದುಡ್ಡು ಕೊಟ್ಟು ಹಿರಿತನ ಕೊಂಡ ಉದಾಹರಣೆ ಬೇರೆ ಇದ್ದರೆ ತಿಳಿದವರು ಹೇಳಬೇಕು. ಅನುಭವವಿಲ್ಲದವರು ಪರದೇಶದಲ್ಲಿ ಮಾನ ಕಳೆದಾರು ಎಂದು ಮಾಡಿದ ನಿಯಮವನ್ನು ಅಕ್ಷರಶಃ ಪಾಲಿಸಿದ ಆ ಕಂಪನಿ 2012ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು, ಸಂಬಳ ಬಾಕಿ ಉಳಿಸಿಕೊಂಡು.

ನಿಯಮಕ್ಕೆ ಏನೂ ಆಗಲಿಲ್ಲ. ಅದು 2016ರವರೆಗೂ ಗಟ್ಟಿಮುಟ್ಟಾಗಿತ್ತು. ಆಮೇಲೆ ವರ್ಷಗಳ ಷರತ್ತನ್ನು ಸರ್ಕಾರ ತೆಗೆಯಿತು, ವಿಮಾನಗಳ ಷರತ್ತನ್ನು ಉಳಿಸಿಕೊಂಡಿತು. ಇಡೀ ನಿಯಮವನ್ನೇ ತೆಗೆದುಹಾಕಬಹುದಿತ್ತಲ್ಲ ಎಂದು ಆಗ ಕೆಲವರು ಗೊಣಗಿದರು. ಅಷ್ಟು ವರ್ಷ ಸಾಕಿದ ಕಡತವನ್ನು ಹಾಗೆ ಅನಾಥ ಮಾಡಲಾದೀತೇ? ಐದಿದ್ದ ಜಾಗದಲ್ಲಿ ಒಂದು ಸೊನ್ನೆ ಕೂರಿಸಿ, ನಡುವಿನ ಓರೆಗೆರೆಯನ್ನು ಇದ್ದಲ್ಲೇ ಬಿಟ್ಟರು. ಅದೀಗ 0/20.