ಉಪ್ಪು ಸುರಿದಾಗಿದೆ, ಫೋಟೋ ಲಗತ್ತಿಸಿದೆ

ಕೆನಡಾದ ಗೋಡ್ರಿಚ್ ಅನ್ನುವ ಊರಿನಲ್ಲಿ, ಹ್ಯೂರಾನ್ ಸರೋವರದ ಅಡಿಯಲ್ಲಿ, ಅರ್ಧ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಒಂದು ಉಪ್ಪಿನ ಗಣಿ ಇದೆ. ನೆಲದಡಿಯ ಉಪ್ಪಿನ ಗಣಿಗಳಲ್ಲಿ ಜಗತ್ತಿಗೇ ದೊಡ್ಡದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಈರಿ ಸರೋವರದ ಕೆಳಗೆ ಇನ್ನೊಂದಿದೆ. ಡೆಟ್ರಾಯಿಟ್‌ನಲ್ಲಂತೂ ಊರಿನ ಕೆಳಗೇ ಇದೆ. ಸುಮಾರು 40 ಕೋಟಿ ವರ್ಷ ಈ ಉಪ್ಪು ತನ್ನ ಪಾಡಿಗೆ ತಾನು ಮಲಗಿತ್ತು. ಮೇಲಿನ ಸಿಹಿನೀರಿನ ತಂಟೆಗೆ ಹೋಗಿರಲಿಲ್ಲ. ಈಗ ಮನುಷ್ಯ ಅದನ್ನು ಬೆವರು ಸುರಿಸಿ ಅಗೆದು, ಮೇಲಕ್ಕೆತ್ತಿ, ಹಡಗಿಗೆ ತುಂಬಿ, ಲಾರಿಗೆ ಸುರಿದು, ಚಳಿಗಾಲದ ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಚೆಲ್ಲಿ, ಚರಂಡಿಯ ಮೂಲಕ ಅದೇ ಸರೋವರಗಳಿಗೆ ತಲುಪಿಸುತ್ತಿದ್ದಾನೆ. ಇಷ್ಟು ಸುತ್ತು ಯಾಕೆ ಬೇಕಿತ್ತೋ ಗೊತ್ತಿಲ್ಲ. ಗಣಿಯಿಂದ ನೇರ ಸರೋವರಕ್ಕೇ ಒಂದು ಪೈಪ್ ಹಾಕಿದ್ದರೆ ಡೀಸೆಲ್ ಆದರೂ ಉಳಿಯುತ್ತಿತ್ತು.

ಅಮೆರಿಕ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ಹೀಗೆ ಚೆಲ್ಲುತ್ತದೆ. ಕೆನಡಾ ಸುಮಾರು 50 ಲಕ್ಷ ಟನ್. ಶುರುವಾಗಿದ್ದು 1938ರಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಒಂದು ಪ್ರಯೋಗ ಅಂತ. 1941-42ರ ಚಳಿಗಾಲದಲ್ಲಿ ಇಡೀ ಅಮೆರಿಕದ ಹೆದ್ದಾರಿಗಳಿಗೆ ಬಿದ್ದದ್ದು ಬರೀ 5,000 ಟನ್. ಆಗಲೂ ಹಿಮ ಬೀಳುತ್ತಿತ್ತು. ಆಮೇಲೆ ರಸ್ತೆ ಅಗಲವಾಯಿತು, ಕಾರು ಜಾಸ್ತಿಯಾಯಿತು, ತಾಳ್ಮೆ ಕಡಿಮೆಯಾಯಿತು.

ಉಪ್ಪೇ ಬೇಡ ಅನ್ನುವ ಹಟ ನನಗಿಲ್ಲ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಗೊತ್ತು, ಬ್ರೇಕ್ ಒತ್ತಿದ ಮೇಲೂ ಕಾರು ಅದರ ಪಾಡಿಗೆ ಹೋಗುತ್ತಲೇ ಇರುತ್ತದೆ. ಆಂಬುಲೆನ್ಸ್ ಓಡಬೇಕು, ಶಾಲೆಯ ಬಸ್ಸು ಓಡಬೇಕು. ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಬಿದ್ದ ಉಪ್ಪು ಜೀವ ಉಳಿಸುತ್ತದೆ. ಅದರ ಬಗ್ಗೆ ಜಗಳವೇ ಇಲ್ಲ. ಜಗಳ ಇರುವುದು ಮಂಜುಗಡ್ಡೆಯನ್ನು ಕಂಡೇ ಇಲ್ಲದ ಉಪ್ಪಿನ ಬಗ್ಗೆ.

ಅದನ್ನು ನೋಡಬೇಕೆಂದರೆ ಹೆದ್ದಾರಿಗೆ ಹೋಗಬೇಡಿ, ಪಾರ್ಕಿಂಗ್ ಲಾಟ್‌ಗೆ ಹೋಗಿ. ಫೆಬ್ರವರಿಯ ಒಂದು ಬೆಳಗ್ಗೆ ಯಾವುದಾದರೂ ದೊಡ್ಡ ಅಂಗಡಿಯ ಮುಂದೆ ನಿಂತು ನೋಡಿ. ನೆಲ ಒಣಗಿದೆ. ಮಂಜುಗಡ್ಡೆಯ ಸುಳಿವೇ ಇಲ್ಲ. ಆದರೂ ಕಾಲಿಟ್ಟಲ್ಲೆಲ್ಲ ಬಿಳಿ ಹರಳು, ಬೂಟಿನಡಿ ಕರಕರ ಸದ್ದು. ಬಾಗಿಲ ಹತ್ತಿರ ಹೋದರೆ ಹರಳಲ್ಲ, ಗುಡ್ಡೆಯೇ ಇದೆ. ಬಾಗಿಲಿನ ಕಬ್ಬಿಣದ ಚೌಕಟ್ಟು ಕೆಳಗಿನಿಂದ ತುಕ್ಕು ಹಿಡಿದಿದೆ. ಮೆಟ್ಟಿಲ ಕಾಂಕ್ರೀಟು ಪದರು ಪದರಾಗಿ ಎದ್ದಿದೆ. ಒಳಗಿನ ಚಾಪೆಯ ಮೇಲೆ ಎಲ್ಲರ ಹೆಜ್ಜೆಯೂ ಬೆಳ್ಳಗೆ ಮೂಡಿದೆ. ಒಂದು ಕಾಫಿ ಮಗ್ ತುಂಬ ಉಪ್ಪು ಮನೆ ಮುಂದೆ ಕಾರು ಬರುವ 20 ಅಡಿ ಉದ್ದದ ದಾರಿಗೆ ಸಾಕು ಅಂತ ಅಲ್ಲಿನ ತಿಳಿದವರು ವರ್ಷ ವರ್ಷವೂ ಹೇಳುತ್ತಾರೆ. ಇಲ್ಲಿ ಒಂದು ಕಸದ ಡಬ್ಬಿಯ ಸುತ್ತಲೇ ಅಷ್ಟು ಬಿದ್ದಿರುತ್ತದೆ. ಡಬ್ಬಿ ಜಾರಿ ಬಿದ್ದರೆ?

ಇದರ ಹಿಂದಿನ ಮಾತುಕತೆ ಹೇಗಿರುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಅಂಗಡಿಯ ಮ್ಯಾನೇಜರ್ ಕಾಂಟ್ರಾಕ್ಟರ್‌ಗೆ ಫೋನ್ ಮಾಡುತ್ತಾನೆ.

"ರಾತ್ರಿ ಉಪ್ಪು ಹಾಕಿದ್ರಾ?"

"ಹಾಕಿದೀವಿ ಸರ್."

"ಕಾಣಿಸ್ತಾನೇ ಇಲ್ವಲ್ರೀ."

"ಕರಗಿದೆ ಸರ್. ಕರಗಿದ್ರೆ ತಾನೇ ಅದು ಕೆಲಸ ಮಾಡೋದು?"

"ಆ ಸೈನ್ಸ್ ಎಲ್ಲ ನನಗೆ ಬೇಡ. ಯಾರಾದ್ರೂ ಬಿದ್ದು ಕೇಸ್ ಹಾಕಿದ್ರೆ ನಾನು ಏನು ತೋರಿಸ್ಲಿ? ಕಾಣಿಸೋ ಹಾಗೆ ಹಾಕಿ."

ಮುಗಿಯಿತು. ಕೆಲಸ ಮಾಡಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವುದು ಕೆಲಸವಿಲ್ಲದೆ ಬಿದ್ದಿರುವ ಉಪ್ಪು. ಮ್ಯಾನೇಜರ್‌ಗೆ ಬೇಕಾಗಿರುವುದು ಎರಡನೆಯದು. ಅದು ಮಂಜುಗಡ್ಡೆಗೆ ಹಾಕಿದ್ದಲ್ಲ, ವಕೀಲರ ಕಣ್ಣು ಬೀಳದಿರಲಿ ಅಂತ ನಿವಾಳಿಸಿ ಹಾಕಿದ್ದು. ಎಷ್ಟೋ ಕಡೆ ಕಾಂಟ್ರಾಕ್ಟರ್‌ನ ಬಿಲ್ಲು ಸುರಿದ ಉಪ್ಪಿನ ತೂಕದ ಮೇಲೆ ಆಗುತ್ತದೆ. ಕಮ್ಮಿ ಹಾಕಿದವನಿಗೆ ಕಮ್ಮಿ ದುಡ್ಡು, ಮೇಲೆ ಕೇಸಿನ ಭಯ. ಜಾಸ್ತಿ ಹಾಕಿದವನಿಗೆ ಜಾಸ್ತಿ ದುಡ್ಡು, ರಾತ್ರಿ ಒಳ್ಳೆ ನಿದ್ದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆಯಲ್ಲಿ ಉಪ್ಪು ಕಮ್ಮಿಯಾಗುತ್ತಿಲ್ಲ ಅಂತ ಸೆಮಿನಾರ್ ಮಾಡುವವರನ್ನು ಕಂಡರೆ ಪಾಪ ಅನಿಸುತ್ತದೆ.

ಥರ್ಮಾಮೀಟರ್‌ಗೂ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ರಸ್ತೆಯ ಮೇಲ್ಮೈ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಮಾಮೂಲಿ ಕಲ್ಲುಪ್ಪು ಹೆಚ್ಚುಕಮ್ಮಿ ಕೈಚೆಲ್ಲುತ್ತದೆ. ಕರಗಿಸುವುದು ಎಷ್ಟು ನಿಧಾನ ಅಂದರೆ, ಅದರ ಕೆಲಸ ಮುಗಿಯುವ ಹೊತ್ತಿಗೆ ಮತ್ತೆ ಹಿಮ ಬಿದ್ದಿರುತ್ತದೆ. ಆಗ ಜನ ಏನು ಮಾಡುತ್ತಾರೆ? ಇನ್ನಷ್ಟು ಉಪ್ಪು ಹಾಕುತ್ತಾರೆ. ಮೈನಸ್ 20ರಲ್ಲಿ ಹರಳು ಹರಳಾಗಿಯೇ ಬಿದ್ದಿರುತ್ತದೆ. ಬಿಸಿಲು ಬಂದ ದಿನ ಎಲ್ಲ ಒಟ್ಟಿಗೆ ಚರಂಡಿಗೆ. ಇನ್ನು ಜೋರಾಗಿ ಹೋಗುವ ಲಾರಿಯಿಂದ ಒಣ ಉಪ್ಪು ಎರಚಿದರೆ ಅದರಲ್ಲಿ ಸುಮಾರು 30% ಪುಟಿದು ರಸ್ತೆಯಾಚೆ ಬೀಳುತ್ತದೆ. ರಸ್ತೆ ಬದಿಯ ಹುಲ್ಲು ಮಾತ್ರ ಇಡೀ ಚಳಿಗಾಲ ಜಾರದೆ ಗಟ್ಟಿಯಾಗಿ ನಿಂತಿರುತ್ತದೆ. ವಸಂತದಲ್ಲಿ ನೋಡಿದರೆ ಸತ್ತಿರುತ್ತದೆ, ಅದು ಬೇರೆ ಮಾತು.

ಚರಂಡಿಗೆ ಹೋದ ಮೇಲೆ ಉಪ್ಪಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ತೊಂದರೆ. ಉಪ್ಪಿನಲ್ಲಿರುವ ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಯಾವ ಗಿಡವೂ ಅದನ್ನು ಹೇಳಿಕೊಳ್ಳುವಷ್ಟು ಹೀರುವುದಿಲ್ಲ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಕೆಡಿಸಲು ಸಾಕು ಅಂತ ಮಿನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತದೆ. ತೆಗೆಯಬೇಕೆಂದರೆ ರಿವರ್ಸ್ ಆಸ್ಮೋಸಿಸ್ ಬೇಕು. ಒಂದು ಇಡೀ ಸರೋವರಕ್ಕೆ ಆರ್‌ಒ ಫಿಲ್ಟರ್ ಕೂರಿಸುವವರು ಇದ್ದರೆ ಮುಂದೆ ಬರಲಿ.

ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಊರನ್ನೇ ತಗೊಳ್ಳಿ. 1932ರಲ್ಲಿ, 1980ರಲ್ಲಿ, ಎರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಊರು. ಹಿಮದ ಜೊತೆ ಬದುಕುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಮಿರರ್ ಲೇಕ್ ಅನ್ನುವ ಪುಟ್ಟ ಸರೋವರವಿದೆ. ಅಂಥ ಸರೋವರಗಳು ವಸಂತದಲ್ಲಿ ಒಮ್ಮೆ ಮಗ್ಗುಲು ಬದಲಿಸುತ್ತವೆ. ಮೇಲಿನ ನೀರು ಕೆಳಗೆ ಹೋಗಿ, ತಳದ ನೀರು ಮೇಲೆ ಬಂದು, ತಳಕ್ಕೂ ಗಾಳಿ ಸೇರುತ್ತದೆ. 2017ರ ವಸಂತದಲ್ಲಿ ಮಿರರ್ ಲೇಕ್ ಮಗ್ಗುಲು ಬದಲಿಸಲಿಲ್ಲ. ಉಪ್ಪುನೀರು ಭಾರ, ತಳದಲ್ಲಿ ಕೂತುಬಿಟ್ಟಿತ್ತು. ಮೇಲೆ ಏಳುವ ಮನಸ್ಸೇ ಮಾಡಲಿಲ್ಲ. ತಳದಲ್ಲಿದ್ದ ಮೀನುಗಳು ಕೇಸು ಹಾಕಲಿಲ್ಲ. ಅವಕ್ಕೆ ವಕೀಲರಿಲ್ಲ. ಇದ್ದಿದ್ದರೆ ಈ ಅಂಕಣ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸರ್ಕಾರಗಳು ಕೈಕಟ್ಟಿ ಕೂತಿವೆ ಅಂದುಕೊಳ್ಳಬೇಡಿ. ಕೆನಡಾ ಸರ್ಕಾರ ವರ್ಷಗಟ್ಟಲೆ ಅಧ್ಯಯನ ಮಾಡಿ, 2001ರಲ್ಲಿ, ತನ್ನ ಪರಿಸರ ಕಾಯ್ದೆಯ ಪ್ರಕಾರ ರಸ್ತೆಯ ಉಪ್ಪು ವಿಷಕಾರಿ ಎಂಬ ತೀರ್ಮಾನಕ್ಕೆ ಬಂತು. ವಿಷ ಅಂತ ಗೊತ್ತಾದ ಮೇಲೆ ಸುಮ್ಮನಿರಲು ಆಗುತ್ತದಾ? 2004ರಲ್ಲಿ ಒಂದು ನೀತಿ ಸಂಹಿತೆ ಹೊರಡಿಸಿತು. ಅದನ್ನು ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದು. ಅಂದರೆ, ಇದು ವಿಷ, ದಯವಿಟ್ಟು ಸ್ವಲ್ಪ ನೋಡಿಕೊಂಡು ಸುರಿಯಿರಿ.

ಅಳತೆಯ ವಿಷಯದಲ್ಲೂ ಅಷ್ಟೇ ಶಿಸ್ತು. ಜಲಚರಗಳು ದೀರ್ಘಕಾಲ ಬಾಳಬೇಕಾದರೆ ಒಂದು ಲೀಟರ್ ನೀರಿನಲ್ಲಿ ಕ್ಲೋರೈಡ್ 120 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಕೆನಡಾ. 230 ತನಕ ಪರವಾಗಿಲ್ಲ ಅನ್ನುತ್ತದೆ ಅಮೆರಿಕ. ಒಂಟಾರಿಯೊ ಸರೋವರದ ನಡುವೆಯೇ ಎರಡು ದೇಶಗಳ ಗಡಿ ಹಾದುಹೋಗಿದೆ. ಲೆಕ್ಕದ ಪ್ರಕಾರ ಅಲ್ಲಿನ ಮೀನು ಉತ್ತರಕ್ಕೆ ಈಜಿದರೆ ನಾಜೂಕು, ದಕ್ಷಿಣಕ್ಕೆ ಈಜಿದರೆ ಗಟ್ಟಿಮುಟ್ಟು. ಪಾಸ್‌ಪೋರ್ಟ್ ನೋಡದೆ ಅದರ ಆರೋಗ್ಯ ಹೇಳುವ ಹಾಗಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ವಾ. ಮಿಷಿಗನ್‌ನ ಫ್ಲಿಂಟ್ ನಗರದಲ್ಲಿ ತಿನ್ನದವರೂ ಕುಡಿದರು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಊರಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ಆ ನೀರಲ್ಲಿ ಲೋಹವನ್ನು ಸವೆಸುವ ಕ್ಲೋರೈಡ್ ಜಾಸ್ತಿ. ಅದಕ್ಕೆ ರಸ್ತೆಯ ಉಪ್ಪೂ ಒಂದು ಕಾರಣ, ನೀರು ಶುದ್ಧ ಮಾಡಲು ಬಳಸಿದ ರಾಸಾಯನಿಕವೂ ಸೇರಿಕೊಂಡಿತು. ಪೈಪು ಸವೆಯದಂತೆ ಹಾಕಬೇಕಿದ್ದ ಔಷಧಿಯನ್ನು ಹಾಕಲೇ ಇಲ್ಲ. ಹಳೆ ಪೈಪುಗಳ ಸೀಸ ನಲ್ಲಿಯಲ್ಲಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆ ಈ ನೀರು ಬೇಡ ಅಂತು. ಎಂಜಿನ್ನಿನ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿತ್ತು. ಕಾರ್ಖಾನೆಗೆ ಬೇರೆ ನೀರು ಸಿಕ್ಕಿತು. ಜನರಿಗೆ ಮತ್ತೆ ಹಳೆಯ ನೀರು ಸಿಕ್ಕಿದ್ದು 2015ರ ಅಕ್ಟೋಬರ್‌ನಲ್ಲಿ. ನಡುವೆ ಒಂದು ವರ್ಷ ಎಂಜಿನ್‌ಗೆ ಆಗದ ನೀರು ಮಕ್ಕಳಿಗೆ ಆಗುತ್ತಿತ್ತು.

ಇನ್ನು ಪರಿಹಾರ. ದುಃಖದ ಸಂಗತಿ ಏನೆಂದರೆ, ಪರಿಹಾರ ಎಲ್ಲರಿಗೂ ಗೊತ್ತು. ಹಿಮ ಬೀಳುವ ಮುಂಚೆಯೇ 23% ಉಪ್ಪುನೀರನ್ನು ರಸ್ತೆಗೆ ಗೆರೆ ಗೆರೆಯಾಗಿ ಬಿಟ್ಟರೆ ಮಂಜುಗಡ್ಡೆ ನೆಲಕ್ಕೆ ಅಂಟುವುದಿಲ್ಲ. ಒಣ ಉಪ್ಪನ್ನು ಒದ್ದೆ ಮಾಡಿ ಹಾಕಿದರೆ ಪುಟಿಯುವುದಿಲ್ಲ. ಲಾರಿ ನಿಧಾನ ಓಡಿಸಬೇಕು. ಎರಚುವ ಯಂತ್ರದ ಅಳತೆ ಸರಿ ಇದೆಯಾ ಅಂತ ಪ್ರತಿ ವರ್ಷ ನೋಡಬೇಕು. ರಸ್ತೆ ಎಷ್ಟು ತಣ್ಣಗಿದೆ ಅಂತ ಅಳೆಯಬೇಕು. ಮೊದಲು ಸಲಿಕೆ, ಆಮೇಲೆ ಉಪ್ಪು. ರಸ್ತೆಯ ಸುರಕ್ಷತೆಗೆ ಏನೂ ಧಕ್ಕೆಯಿಲ್ಲ, ನೀರೂ ಉಳಿಯುತ್ತದೆ. ಆದರೆ ಇದರಲ್ಲಿ ಒಂದಕ್ಕಾದರೂ ರಿಬ್ಬನ್ ಕತ್ತರಿಸಲು ಆಗುತ್ತದಾ? ಅಳತೆ ಸರಿ ಮಾಡಿದ ಯಂತ್ರದ ಪಕ್ಕ ನಿಂತು ಯಾವ ಮೇಯರ್ ಫೋಟೋ ತೆಗೆಸಿಕೊಳ್ಳುತ್ತಾನೆ?

ಹಾಗಾಗಿ ಸುದ್ದಿಯಾಗುವುದು ಬೇರೆ. ವಿಸ್ಕಾನ್ಸಿನ್‌ನಲ್ಲಿ ಚೀಸ್ ಕಾರ್ಖಾನೆಯ ಉಪ್ಪುನೀರನ್ನು ರಸ್ತೆಗೆ ಹಾಕಿದರು. ಇನ್ನೊಂದು ಕಡೆ ಬೀಟ್ ರಸ. ಪತ್ರಕರ್ತರು ಓಡೋಡಿ ಬಂದರು. ಚೀಸ್‌ನ ಉಪ್ಪುನೀರಲ್ಲೂ ಇರುವುದು ಉಪ್ಪೇ ಅಂತ ಹೇಳಿ ಸಂಭ್ರಮ ಕೆಡಿಸುವುದು ಸರಿಯಲ್ಲ. ಬೀಟ್ ರಸವನ್ನೂ ಉಪ್ಪಿನ ಜೊತೆ ಬೆರೆಸಿಯೇ ಹಾಕುವುದು. ಅದರ ಸಕ್ಕರೆ ಹೊಳೆಗೆ ಸೇರಿದರೆ ನೀರಿನ ಆಮ್ಲಜನಕ ತಿನ್ನುತ್ತದೆ. ಮಿನೆಸೋಟದಲ್ಲಿ 2021ರಲ್ಲಿ ಹಿಮ ತಳ್ಳುವ ಲಾರಿಗಳಿಗೆ ಹೆಸರಿಡಲು ಜನರಿಂದ ಮತ ಕೇಳಿದರು. ಗೆದ್ದ ಹೆಸರು 'ಪ್ಲೋವಿ ಮ್ಯಾಕ್‌ಪ್ಲೋಫೇಸ್'. ಅಷ್ಟೇ ಉತ್ಸಾಹದಿಂದ ಲಾರಿ ಎಷ್ಟು ಉಪ್ಪು ಚೆಲ್ಲಬೇಕು ಅಂತಲೂ ಮತ ಹಾಕಿಸಿ ನೋಡಬೇಕಿತ್ತು.

ಹಾಕಿಸಿದ್ದರೂ ಜಾಸ್ತಿ ಅನ್ನುವುದೇ ಗೆಲ್ಲುತ್ತಿತ್ತು ಅನ್ನಿ. ಜನರಿಗೆ ಜನವರಿಯಲ್ಲಿ ಜುಲೈ ತಿಂಗಳ ರಸ್ತೆ ಬೇಕು. ಹಿಮ ನಿಂತ ಎರಡು ಗಂಟೆಗೆ ಕಪ್ಪು ಟಾರು ಕಾಣದಿದ್ದರೆ ಊರ ಕಚೇರಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಕ್ವೆಬೆಕ್ ಪ್ರಾಂತ್ಯದಲ್ಲಿ ಚಳಿಗಾಲದ ಟೈರ್ ಹಾಕುವುದು ಕಡ್ಡಾಯ. ಉಳಿದ ಎಷ್ಟೋ ಕಡೆ ಸವೆದ ಟೈರಿನ ಭಾರವನ್ನೂ ಸರೋವರವೇ ಹೊರಬೇಕು. ಈ ಇಡೀ ಗದ್ದಲದಲ್ಲಿ ಖುಷಿಯಾಗಿರುವುದು ಕೆನಡಾದ ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನದ ಮೂಸ್ ಅನ್ನುವ ದೈತ್ಯ ಜಿಂಕೆಗಳು ಮಾತ್ರ. ರಸ್ತೆ ಬದಿ ನಿಂತ ಕಾರುಗಳ ಮೈಗೆ ಅಂಟಿದ ಉಪ್ಪನ್ನು ಅವು ನೆಕ್ಕುತ್ತವೆ. 2020ರಲ್ಲಿ ಅಲ್ಲಿ 'ಮೂಸ್‌ಗೆ ನಿಮ್ಮ ಕಾರು ನೆಕ್ಕಲು ಬಿಡಬೇಡಿ' ಅಂತ ಫಲಕ ಹಾಕಿದರು. ಪ್ರಾಣಿಗೆ ಬುದ್ಧಿ ಹೇಳಲು ಆಗಲ್ಲ, ನಿಜ. ಮನುಷ್ಯನಿಗೆ ಆಗುತ್ತದೆ ಅನ್ನುವ ನಂಬಿಕೆ ಮೆಚ್ಚಬೇಕಾದ್ದು.

ಇದನ್ನೆಲ್ಲ ಶುರು ಮಾಡಿದ ನ್ಯೂ ಹ್ಯಾಂಪ್‌ಶೈರ್‌ಗೇ ಕೊನೆಗೆ ಕಾಯಿಲೆಯ ಬೇರು ಸಿಕ್ಕಿತು. 2013ರಲ್ಲಿ ಅಲ್ಲೊಂದು ಕಾನೂನು ಬಂತು. ತರಬೇತಿ ಪಡೆದು, ಪ್ರಮಾಣಪತ್ರ ತೆಗೆದುಕೊಂಡು, ಲೆಕ್ಕ ಇಟ್ಟು ಉಪ್ಪು ಹಾಕುವ ಕಾಂಟ್ರಾಕ್ಟರ್‌ಗೆ ಜಾರಿಬಿದ್ದವರ ಕೇಸುಗಳಿಂದ ಒಂದು ಮಟ್ಟಿಗೆ ರಕ್ಷಣೆ. ಹೊಸ ರಾಸಾಯನಿಕ ಇಲ್ಲ, ಹೊಸ ಯಂತ್ರ ಇಲ್ಲ, ಬೀಟ್ ರಸವೂ ಇಲ್ಲ. ವಕೀಲರ ಭಯವನ್ನು ಸ್ವಲ್ಪ ಇಳಿಸಿದರು, ಅಷ್ಟೇ. ಇಷ್ಟು ಸರಳವಾಗಿದ್ದರೆ ಬೇರೆ ರಾಜ್ಯಗಳಿಗೆ ಒಪ್ಪಿಕೊಳ್ಳಲು ಕಷ್ಟವಾಗುವುದು ಸಹಜ.

ಅವರಿಗಾಗಿ ನನ್ನದೊಂದು ಬೇರೆ ಯೋಜನೆ ಇದೆ. ಮ್ಯಾನೇಜರ್‌ಗೆ ಬೇಕಾಗಿರುವುದು ಕರಗುವ ಉಪ್ಪಲ್ಲ, ಬೆಳ್ಳಗೆ ಕಾಣುವ ಹರಳು. ಹಾಗಿದ್ದರೆ ಉಪ್ಪೇ ಯಾಕೆ? ಕಾಲಡಿ ಕರಕರ ಅನ್ನುವ, ಫೋಟೋದಲ್ಲಿ ಚೆನ್ನಾಗಿ ಬರುವ, ಕೋರ್ಟಿನಲ್ಲಿ ತೋರಿಸಬಹುದಾದ ಇನ್ನೇನಾದರೂ ಆಗಬಹುದು. ಒಂದು ಸಲ ಹಾಕಿದರೆ ಏಪ್ರಿಲ್ ತನಕ ಕರಗದೆ ಉಳಿಯಬೇಕು. ಈ ಗುಣಗಳನ್ನೆಲ್ಲ ಪಟ್ಟಿ ಮಾಡಿ ಟೆಂಡರ್ ಕರೆದರೆ ಮೊದಲ ಅರ್ಜಿ ಯಾರದು ಬರುತ್ತದೆ ಅಂತ ಈಗಲೇ ಹೇಳಬಲ್ಲೆ. ಪ್ಲಾಸ್ಟಿಕ್ ಮಣಿ ಮಾಡುವವರದು.