ಚುಚ್ಚುವಾಗ ಯಾಕೆ ನೋಡೋದಿಲ್ಲ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಮ್ಮ ಡಾಕ್ಟರು ನೋಯುತ್ತಿದ್ದ ನನ್ನ ಮಂಡಿ ಮಡಚಿ, ಒತ್ತಿ, ಬೆಳಿಗ್ಗೆ ಎದ್ದಾಗ ಎಷ್ಟು ಹೊತ್ತು ಬಿಗಿದಿರುತ್ತೆ ಅಂತ ಕೇಳಿ, ಕೀಲಿನ ಸವೆತ ಅಂದರು. ಎಂಆರ್‌ಐ ಬೇಡವಾ ಅಂದಿದ್ದಕ್ಕೆ ಬೇಡವೇ ಬೇಡ ಅಂದುಬಿಟ್ಟರು. ಚುರ್ರೆಂದಿತು. ಫೋನಿನಲ್ಲಿ ತೀರ್ಥಹಳ್ಳಿಯ ಅಕ್ಕನದೂ ಅದೇ: "ಸ್ಕ್ಯಾನ್ ಇಲ್ದೆ ಅದೆಂಥ ಡಾಕ್ಟ್ರು ಮಾರಾಯ! ಶಿವಮೊಗ್ಗಕ್ಕೆ ಹೋದ್ರೆ ಸಂಜೆಯೊಳಗೆ ರಿಪೋರ್ಟ್ ಕೈಲಿರುತ್ತೆ."

ಇರುತ್ತೆ, ನಿಜ. ಅವಳ ಬೀರುವಿನ ಮೇಲೆ ಅಂಥ ಕವರುಗಳ ರಾಶಿಯೇ ಇದೆ. "ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆಯಂತೆ" ಅನ್ನುವುದೊಂದು ಬಿಟ್ಟರೆ ಅದರಲ್ಲೇನಿದೆಯೆಂದು ಯಾರೂ ಅವಳಿಗೆ ಹೇಳಿಲ್ಲ. ಅಷ್ಟಕ್ಕೇ ಮೆಟ್ಟಿಲು ಹತ್ತುವುದು ಬಿಟ್ಟಳು. ವಯಸ್ಸಾದ ಮಂಡಿಯಲ್ಲಿ ಅದು ನೆರೆಗೂದಲಿನಷ್ಟೇ ಸಹಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ 991 ಮಂದಿಯ ಮಂಡಿ ಸ್ಕ್ಯಾನ್ ಮಾಡಿದ ಅಧ್ಯಯನ 2008ರಲ್ಲಿ ಬಂತು: ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳು ನೋವೇ ಇರಲಿಲ್ಲ. 45 ದಾಟಿದವರಿಗೆ ಓಡಾಡಿದಾಗ ನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರದಿದ್ದರೆ ಸವೆತವೆಂದು ಹೇಳಲು ಚಿತ್ರ ಬೇಕಿಲ್ಲ ಅನ್ನುತ್ತದೆ ಡಾಕ್ಟರುಗಳಿಗೆ ದಾರಿ ಹೇಳುವ ಇಲ್ಲಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ.

ಆಮೇಲೆ ನನ್ನ ಮಂಡಿ ಊದಿಕೊಂಡಾಗ ಚಿತ್ರ ಬಂತು, ಅದೂ ಸೂಜಿಯ ಜೊತೆ. ಚುಚ್ಚಿದ್ದು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ತಣ್ಣನೆಯ ಜೆಲ್ ಸವರಿ, ಅಲ್ಟ್ರಾಸೌಂಡ್ ಪರದೆಯನ್ನು ನನ್ನ ಕಡೆಗೇ ತಿರುಗಿಸಿದಳು. ಮಂಡಿಚಿಪ್ಪಿನ ಮೇಲ್ಗಡೆ ಕಪ್ಪಗೆ ನಿಂತ ನೀರು. ಅದರೊಳಕ್ಕೆ ಓರೆಯಾಗಿ ಇಳಿದ ಬಿಳಿ ಗೆರೆಯೇ ಸೂಜಿ. ನೀರು ಹಳದಿಯಾಗಿ ಸಿರಿಂಜಿಗೆ ಬಂದ ಮೇಲೆ, ಅದೇ ಸೂಜಿಯಲ್ಲಿ ಸ್ಟೀರಾಯ್ಡ್. ಅಕ್ಕನಿಗೆ ಹಾಕಿದ ಸೂಜಿಗಳೆಲ್ಲ ಬೆರಳಿನ ಅಂದಾಜಿನವು. ನಮ್ಮಲ್ಲಿ ದುಡ್ಡು ಸುರಿದು ಫೋಟೋ ತೆಗೆಸಿ, ಚುಚ್ಚುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತೇವೆ.

ಹೇಳಲೇಬೇಕಲ್ಲ: ದಸರೆ ಹೊತ್ತಿಗೆ ಸರದಿಗೆ ಹೆಸರು ಬರೆಸಿದವನಿಗೆ ಆ ಸೂಜಿ ಸಿಕ್ಕಿದ್ದು ಯುಗಾದಿ ಹೊತ್ತಿಗೆ. ಮಂಡಿ ದೊಡ್ಡ ಕೀಲು, ಪಳಗಿದ ಕೈ ಅಂದಾಜಿನಲ್ಲೂ ಹೆಚ್ಚಾಗಿ ಸರಿಯಾಗೇ ಮುಟ್ಟುತ್ತದೆ. ಊರಿನ ಮೂಳೆ ಡಾಕ್ಟರು ಅಲ್ಟ್ರಾಸೌಂಡ್ ಯಂತ್ರವನ್ನು ಮೇಜಿನ ಮೇಲೆ ಸುಮ್ಮನೆ ತಂದಿಟ್ಟುಕೊಳ್ಳುವಂತೆಯೂ ಇಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಆಗಬೇಕು. ಹೆಣ್ಣುಮಕ್ಕಳನ್ನು ಹೊಟ್ಟೆಯಲ್ಲೇ ಕೊಂದವರಿಂದಾಗಿ ಬಂದ ಕಾಯ್ದೆ ಅದು, ಬೇಕೇ ಬೇಕು. ಆದರೆ ನೋಂದಣಿಯಾದ ಯಂತ್ರವಿರುವ ಸ್ಕ್ಯಾನಿಂಗ್ ಕೋಣೆ ಎಷ್ಟೋ ಆಸ್ಪತ್ರೆಗಳಲ್ಲಿ ಅದೇ ಕಟ್ಟಡದಲ್ಲಿರುತ್ತೆ. ರೋಗಿಯನ್ನು ಅಲ್ಲಿಗೆ ಕರೆದೊಯ್ದು, ಅಲ್ಲಿನ ಸ್ಕ್ಯಾನ್ ಡಾಕ್ಟರ ನೆರವಿನಿಂದ ನೋಡಿಕೊಂಡು ಚುಚ್ಚಲು ಯಾವ ಕಾಯ್ದೆ ಅಡ್ಡ ಬರುತ್ತೆ ಸ್ವಾಮಿ?