ಅಮ್ಮಂಗೆ ಒಂದ್ ಒಳ್ಳೆ ಕೊಲೆ ಕೊಡಿ ಸ್ವಾಮಿ

ಈಗಷ್ಟೇ ಗಾಂಧಿಬಜಾರಿಂದ ಬಂದೆ, ಚಪ್ಪಲಿನೂ ಬಿಟ್ಟಿಲ್ಲ, ಮೊದ್ಲು ಇದನ್ನ ಬರ್ದ್‌ಬಿಡ್ತೀನಿ, ಕಾಫಿ ಕುಡಿದ್ರೆ ಸಿಟ್ಟು ಇಳಿದ್‌ಹೋಗತ್ತೆ. ಪುಸ್ತಕದಂಗಡಿಲಿ (ಯಾವ್ದು ಅಂತ ಕೇಳ್ಬೇಡಿ, ಅಲ್ಲಿ ನಂದು ಸಾಲ ಇದೆ) ಅಮ್ಮಂದಿರ ದಿನ ಅಂತ ಒಂದು ಮೇಜು ಸಿಂಗಾರ ಮಾಡಿಟ್ಟಿದ್ರು. ಏನೇನಿತ್ತು ಅಂದ್ರೆ ಅಡುಗೆ ಪುಸ್ತಕ, ಮಂಡಿನೋವಿಗೆ ಮನೆಮದ್ದು, ವ್ರತಕಥೆ, ಸಹಸ್ರನಾಮ, ರಂಗೋಲಿ. ಮುಗೀತು. ಅಮ್ಮ ಅಂದ್ರೆ ಮಂಡಿನೋವಲ್ಲೇ ರಂಗೋಲಿ ಬಿಟ್ಟು ಒಳಗ್‌ಬಂದು ಚಿತ್ರಾನ್ನ ಕಲಸೋ ಪ್ರಾಣಿ.

ನನ್ ಮುಂದೆ ನಿಂತಿದ್ದ ಹುಡುಗ, ಇಪ್ಪತ್ತೈದಿರ್ಬೋದು, "ಅಮ್ಮಂಗೆ ಒಂದ್ ಒಳ್ಳೆ ಪತ್ತೇದಾರಿ ಕೊಡಿ" ಅಂದ. ನಂಗೆ ಅವ್ನನ್ನ ತಬ್ಕೊಳೋಣ ಅನ್ನಿಸ್ತು. ಅಂಗಡಿಯವ್ರು ಅವ್ನನ್ನ ಮೇಲಿಂದ ಕೆಳಗೆ ನೋಡಿ "ಅಮ್ಮಂಗಾ? ಅದೆಲ್ಲ ಬೇಡ ಸಾರ್, ನೆಮ್ಮದಿ ಕೊಡೋಂಥದ್ದು ಏನಾದ್ರೂ ತಗೊಳ್ಳಿ" ಅಂತ ಸಹಸ್ರನಾಮ ಕೈಗಿಟ್ರು. ಅವ್ನೂ ಬಿಲ್ ಮಾಡ್ಸ್ಕೊಂಡು ಹೋದ! ನಾನು ಬಾಯ್ಮುಚ್ಕೊಂಡು ನಿಂತಿದ್ದೆ. ಸಾಲ, ಹೇಳಿದ್ನಲ್ಲ.

ನೆಮ್ಮದಿಯಂತೆ.

ನಮ್ಮಮ್ಮ ಗೊತ್ತಲ್ಲ ನಿಮ್ಗೆ, ಸಿಲಿಂಡರ್ ಹುಡುಗನ್ನ ಅಡ್ಡ ಪ್ರಶ್ನೆ ಕೇಳಿ ಅಳಿಸಿದ್ರು ಅಂತ ಬರ್ದಿದ್ದೆನಲ್ಲ, ಅವ್ರೇ. ಅವರ ನೆಮ್ಮದಿ ಇದ್ದಿದ್ದು ತಿಪಟೂರಲ್ಲಿ ನಮ್ಮ ಹಿಂದಿನ ಬೀದಿ ಸರ್ಕ್ಯುಲೇಟಿಂಗ್ ಲೈಬ್ರರೀಲಿ, ದಿನಕ್ಕೆ ನಾಲ್ಕಾಣೆ ಬಾಡಿಗೆ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ, ಈ ಪತ್ತೇದಾರ್ರೆಲ್ಲ ನಮ್ಮನೆ ನೆಂಟ್ರ ಥರ. ನಾಲ್ಕನೇ ಕ್ಲಾಸ್‌ವರೆಗೆ ಓದಿದ್ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಬರೆದ್ರು, ನಮ್ಮಮ್ಮ ಅದ್ರಲ್ಲಿ ಎಷ್ಟು ಓದಿದ್ರೋ, ಲೆಕ್ಕ ಅವರಿಗೇ ಗೊತ್ತಿಲ್ಲ. ಓದಿದ್ದನ್ನೇ ಮತ್ತೆ ಬಾಡಿಗೆಗೆ ತರಬಾರ್ದು ಅಂತ ಓದಿದ್ ಪ್ರತಿ ಪುಸ್ತಕದ ಹದಿನಾರನೇ ಪುಟದ ಕೆಳಗೆ ಪೆನ್ಸಿಲಲ್ಲಿ ಚಿಕ್ಕದಾಗಿ "ಸು" ಅಂತ ಬರೆಯೋರು. ಎದುರುಮನೆಯವ್ರದು ಎರಡು ಚುಕ್ಕೆ, ಟೀಚರ್‌ದು ಒಂದು ಸೊನ್ನೆ. ಹದಿನಾರನೇ ಪುಟ ತೆಗೆದ್ರೆ ಇಡೀ ಬೀದಿ ಹೆಂಗಸ್ರ ಹಾಜರಿ ಸಿಕ್ಬಿಡೋದು. ಒಗ್ಗರಣೆಗೆ ಸಾಸಿವೆ ಹಾಕ್ತಾ ಹಾಕ್ತಾ, ಯಾರಿಗೂ ಅಲ್ಲ ಸುಮ್ನೆ ಗೋಡೆಗೆ, "ಡ್ರೈವರ್‌ದೇ ಕೆಲ್ಸ, ಬರೆದಿಟ್ಕೋ" ಅನ್ನೋರು.

ಇಲ್ಲೊಂದು ಪಾಪ ಒಪ್ಕೊಂಡ್‌ಬಿಡ್ತೀನಿ. ಒಂಬತ್ತನೇ ಕ್ಲಾಸಲ್ಲಿ ಸಿನಿಮಾಗೆ ದುಡ್ ಕೊಡ್ಲಿಲ್ಲ ಅಂತ, ಅಮ್ಮ ಅರ್ಧ ಓದಿದ್ದ ಪುಸ್ತಕದ ಮೊದಲ ಪುಟದಲ್ಲಿ ಕೊಲೆಗಾರನ ಹೆಸ್ರು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಹೊಡೀಲಿಲ್ಲ, ಬೈಲಿಲ್ಲ, ಎರಡು ದಿನ ಮಾತಾಡ್ಲಿಲ್ಲ. ತಟ್ಟೆಗೆ ಅನ್ನ ಹಾಕೋವಾಗ್ಲೂ ಇಲ್ಲ. ಇವತ್ತಿಗೂ ನೆನಪಾದ್ರೆ ಹೊಟ್ಟೆ ಹಿಂಡತ್ತೆ.

ಈಗ ಯಾರೋ ಒಬ್ರು ಬಂದೇ ಬರ್ತೀರಾ, "ಈ ವಯಸ್ಸಲ್ಲಿ ರಕ್ತ, ಹೆಣ ಎಲ್ಲ ಬೇಕಾ, ಬಿಪಿ ಬೇರೆ ಇರತ್ತೆ" ಅಂತ. ಅಲ್ರೀ, ದಿನಾ ರಾತ್ರಿ ಸೀರಿಯಲ್‌ನಲ್ಲಿ ಸೊಸೆ ಹಾಲಿಗೆ ಅತ್ತೆ ಏನೋ ಬೆರೆಸ್ತಾಳಲ್ಲ, ಆಗ ಬಿಪಿ ಎಲ್ಲಿ ಹೋಗಿರತ್ತೆ? ಅದು ಬೇಡ, ಪುರಾಣವೇ ತಗೊಳ್ಳಿ. ಕೀಚಕನ್ನ ಭೀಮ ಕತ್ತಲಲ್ಲಿ ಮಾಂಸದ ಮುದ್ದೆ ಮಾಡಿದ. ಅವ್ನು ಸತ್ತ ಸುದ್ದಿ ಕೇಳೇ ಪಾಂಡವ್ರು ವಿರಾಟನ ಊರಲ್ಲಿದಾರೆ ಅಂತ ದುರ್ಯೋಧನ ವಾಸನೆ ಹಿಡಿದ. ಇದು ಪತ್ತೇದಾರಿ ಅಲ್ದೆ ಇನ್ನೇನು? ಗಮಕಕ್ಕೆ ಕೂತು ಇದನ್ನೇ ಕೇಳಿದ್ರೆ ಪುಣ್ಯ, ನರಸಿಂಹಯ್ಯನವ್ರನ್ನ ಓದಿದ್ರೆ ಚಟ.

ಇನ್ನೊಂದ್ ಜಾತಿ ಇದೆ, "ಅದು ಸಾಹಿತ್ಯವೇ ಅಲ್ಲ" ಅನ್ನೋರು. ಬಂಗಾರದ ಮನುಷ್ಯ ಕಾದಂಬರಿ ಬರೆದ ಟಿ.ಕೆ. ರಾಮರಾಯರೇ ಪತ್ತೇದಾರಿನೂ ಬರೆದ್ರು. ನಾವು ನವೆಂಬರಲ್ಲಿ ಹಾರಿಸೋ ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಗಳೂ ಬರೆದ್ರು. ಬಾವುಟ ಬೇಕು, ಪುಸ್ತಕ ಬೇಡ, ಅಲ್ವಾ? ಹೋಗ್ಲಿ, ಅಷ್ಟೂ ಮರ್ಯಾದೆ ಬೇಕಂದ್ರೆ ತೇಜಸ್ವಿ ಕೊಡಿ. ಚಿದಂಬರ ರಹಸ್ಯಕ್ಕೆ ಅಕಾಡೆಮಿ ಪ್ರಶಸ್ತಿನೇ ಬಂದಿದೆ, ಕೆಸರೂರಿಗೆ ಏಲಕ್ಕಿ ವಿಷ್ಯ ಪತ್ತೆ ಮಾಡೋಕೆ ಬರೋ ಅಂಗಾಡಿ ಅಮ್ಮಂಗೆ ಭಾರಿ ಇಷ್ಟ. ಅವರದ್ದೇ ಜುಗಾರಿ ಕ್ರಾಸ್ ಕಾದಂಬರಿ ಕೊಟ್ಟಾಗ ರಾತ್ರಿ ಹನ್ನೊಂದೂವರೆಗೆ ಫೋನು, ನಾನು ಯಾರ್ ಹೋದ್ರಪ್ಪಾ ಅಂತ ಎದೆ ಹಿಡ್ಕೊಂಡು ಎತ್ತಿದ್ರೆ, "ಆ ಗೌರಿ ಸುರೇಶ ಸಿಕ್ಕಾಕೊಂಡ್ರು ಕಣೆ, ನಂಗೆ ನಿದ್ದೆ ಬರಲ್ಲ ಇವತ್ತು." ಎಪ್ಪತ್ತೊಂದರ ಹೆಂಗಸು, ದನಿಯಲ್ಲಿ ಏನ್ ಖುಷಿ ಅಂತೀರಾ. ಈ ನಿದ್ದೆಗೆಡೋ ನೆಮ್ಮದಿ ಯಾವ ಸಹಸ್ರನಾಮ ಕೊಡತ್ತೋ ನಂಗಂತೂ ಗೊತ್ತಿಲ್ಲ.

ಕೊಡೋದಾದ್ರೆ ಒಂದ್ ಮಾತ್ರ ನೋಡ್ಕೊಳ್ಳಿ, ಅಕ್ಷರದ ಸೈಜು. ಅಮ್ಮಂಗೆ ಕಣ್ಣಿನ ಪೊರೆ ತೆಗೆಸಿದ್ ಹೊಸದ್ರಲ್ಲಿ ಒಂದು ಹಳೇ ಪುಸ್ತಕ ಹುಡುಕಿ ತಂದ್ಕೊಟ್ಟೆ, ಇರುವೆ ಸಾಲಿನಂಥ ಅಕ್ಷರ. ಅಮ್ಮ ಭೂತಗನ್ನಡಿ ಹಿಡ್ಕೊಂಡು ಥೇಟ್ ಪತ್ತೇದಾರನ ಥರಾನೇ ಕೂತ್ರು, ಆದ್ರೆ ಮೂರೇ ಪುಟಕ್ಕೆ ಕಣ್ಣಲ್ಲಿ ನೀರು.

ಹೋದ್ ವಾರ ಊರಿಗೆ ಹೋದಾಗ, ನಾನೇ ಯುಗಾದಿಗೆ ಕೊಟ್ಟಿದ್ದ ಹೊಸಾ ಕಾಪಿ ಸುಮ್ನೆ ತಿರುವಿ ಹಾಕ್ತಿದ್ದೆ. ಹದಿನಾರನೇ ಪುಟ, ಕೆಳಗೆ ಪೆನ್ಸಿಲಲ್ಲಿ "ಸು". ಸ್ವಂತ ಪುಸ್ತಕಕ್ಕೆ ಗುರುತು ಯಾಕಮ್ಮ ಅಂದೆ.

"ಮುಂದಿನ್ ವರ್ಷ ಮರ್ತು ಇದನ್ನೇ ತಂದ್ಕೊಟ್ರೆ ಹಿಡೀಬೇಕಲ್ಲ ನಿನ್ನ."